ಗೋದಾಮಿನ ಮಹಡಿಯ ಮೇಲೆ ಕೋಲಾಟ

ವಸ್ತಾರೆಯ ಶಿಲ್ಪಾ ಚಿಕ್ಕಮಗಳೂರಿನಲ್ಲಿ ಇಂಜಿನಿಯರ್. ಹೊಸ ಮನೆಗೆ ನಕ್ಷೆ ಬರೆಯುವುದಕ್ಕಿಂತ ಹಳೆಯ ಕಟ್ಟಡಗಳ ಮೇಲೆಯೇ ಅವಳಿಗೆ ಮೋಹ. ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲು ಛತ್ರದ ಚಾವಣಿ ನೋಡುತ್ತಾಳೆ. ಹೆಣ್ಣು ನೋಡಲು ಬಂದ ಚನ್ನಬಸವ, "ಆ ಗೋಡೆ ಬಿರುಕು ಎಷ್ಟು ಹಳೇದು?" ಎಂದು ಕೇಳಿದ್ದಕ್ಕೇ ಅವಳು ಒಪ್ಪಿಕೊಂಡಳೆಂದು ಅವಳ ತಾಯಿ ಈಗಲೂ ಹೇಳಿ ನಗುತ್ತಾರೆ.

ಹೋದ ವರ್ಷ ಆಲ್ದೂರಿನಿಂದ ಶಿವಗಂಗಮ್ಮ ಫೋನ್ ಮಾಡಿದರು. ಅವರ ಯಜಮಾನರು ಷಡಕ್ಷರಿ ಕಾಫಿ ವ್ಯಾಪಾರಿ. ಗೋದಾಮಿನ ಮಹಡಿ ಖಾಲಿ ಬಿದ್ದಿತ್ತು. ಶಿವಗಂಗಮ್ಮನ ಕೋಲಾಟದ ತಂಡಕ್ಕೆ ಮಳೆಗಾಲದಲ್ಲಿ ಅಭ್ಯಾಸ ಮಾಡಲು ಜಾಗವಿರಲಿಲ್ಲ. ಷಡಕ್ಷರಿಯವರು ಮಾತ್ರ ಬೀಗದ ಕೈ ಕೊಡಲೊಲ್ಲರು.

"ನಡೆದ್ರೇ ಅದುರುತ್ತೆ. ಕುಣಿದ್ರೆ ಎಲ್ಲಾ ನನ್ನ ಕಾಫಿ ಚೀಲದ ಮೇಲೆ ಬೀಳ್ತೀರಿ."

"ಅದನ್ನ ಗೊತ್ತಿರೋರು ಹೇಳ್ಲಿ, ನೀವಲ್ಲ" ಎಂದರು ಶಿವಗಂಗಮ್ಮ.

ಶಿಲ್ಪಾ ಬಂದು ನೋಡಿದಳು. ಸಾಲಾಗಿ ಐದು ಕಬ್ಬಿಣದ ತೊಲೆಗಳು, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಕಟ್ಟಿಸಿದವರೂ ಇಲ್ಲ, ನಕ್ಷೆಯೂ ಇಲ್ಲ. ಒಂದೆಡೆ ಕಾಂಕ್ರೀಟ್ ಒಡೆಸಿದಳು. ತೊಲೆಯ ಮೇಲ್ಭಾಗ ಸ್ಲ್ಯಾಬಿನೊಳಗೆ ಹೂತಿತ್ತು, ಆದರೆ ಎರಡನ್ನೂ ಹಿಡಿದಿಡಲು ಬೆಸೆದ ಮೊಳೆಯೊಂದೂ ಇರಲಿಲ್ಲ.

"ಎರಡು ಹಲಗೆ ಒಂದರ ಮೇಲೊಂದು ಇಟ್ಟು ತುಳಿದ್ರೆ ತುದಿಯಲ್ಲಿ ಜಾರುತ್ವೆ, ಜಾಸ್ತಿ ಬಾಗುತ್ವೆ" ಎಂದು ಅವಳು ದಂಪತಿಗೆ ವಿವರಿಸಿದಳು. "ಅಂಟಿಸಿ ತುಳಿದ್ರೆ ಒಂದೇ ಹಲಗೆ ಥರ ಗಟ್ಟಿ. ನಿಮ್ಮ ತೊಲೆ, ಸ್ಲ್ಯಾಬು ಒಂದಾಗಿ ಕೆಲಸ ಮಾಡ್ತಿದ್ರೆ ಕುಣೀಬಹುದು. ಬೇರೆ ಬೇರೆ ಆಗಿದ್ರೆ ಕಷ್ಟ. ಭಾರ ಇಟ್ಟೇ ನೋಡ್ಬೇಕು."

"ಭಾರಕ್ಕೇನು, ಪಾರ್ಚ್‌ಮೆಂಟ್ ಕಾಫಿ ಚೀಲ ಬೇಕಾದಷ್ಟಿವೆ" ಎಂದರು ಷಡಕ್ಷರಿ.

"ಬೇಡ. ಚೀಲ ಒಂದಕ್ಕೊಂದು ಒರಗಿ ತಾವೇ ಭಾರ ಹೊತ್ಕೋತವೆ, ತೊಲೆಗೆ ಪೂರ್ತಿ ಬರಲ್ಲ. ನೀರಾದ್ರೆ ಮೋಸ ಮಾಡಲ್ಲ. ಹೆಚ್ಚುಕಮ್ಮಿ ಆದ್ರೆ ತಕ್ಷಣ ಬಿಟ್ಟುಬಿಡಬಹುದು."

ಕೆಳಗಿದ್ದ ಚೀಲಗಳನ್ನು ಸಾಗಿಸಿದರು. ತೊಲೆಗಳ ಕೆಳಗೆ, ತಾಕದಷ್ಟು ಅಂತರದಲ್ಲಿ, ಭದ್ರತೆಗೆ ಕಬ್ಬಿಣದ ಕಂಬಗಳು ನಿಂತವು. ಕೂದಲೆಳೆಯಷ್ಟು ಬಾಗಿದರೂ ಮುಳ್ಳು ತಿರುಗಿಸುವ ಡಯಲ್ ಗೇಜುಗಳನ್ನು ಶಿಲ್ಪಾ ಕೂರಿಸಿದಳು. ತೊಲೆ, ಸ್ಲ್ಯಾಬು ಒಂದಾಗಿದ್ದರೆ ಎಷ್ಟು ಬಾಗಬೇಕು, ಬೇರೆಯಾಗಿದ್ದರೆ ಎಷ್ಟು ಎಂದು ಮೊದಲೇ ಲೆಕ್ಕ ಹಾಕಿದ್ದಳು. ಮಹಡಿಯಲ್ಲಿ ಒಂದೊಂದು ತೊಲೆಯ ಮೇಲೂ ಸಾಲಾಗಿ ಇಡಿಸಿದ್ದ ಡ್ರಮ್ಮುಗಳಿಗೆ ಸರದಿಯಂತೆ ಬೋರ್‌ವೆಲ್ ನೀರು ತುಂಬತೊಡಗಿತು. ತಂಡದ ಹೆಂಗಸರು ಅಂಗಳದಲ್ಲಿ ಕೋಲು ಹಿಡಿದೇ ಕಾಯುತ್ತಿದ್ದರು.

ಮೊದಲ ತೊಲೆ ಬಾಗಿದ್ದು ಒಂದಾಗಿದ್ದಾಗಿನ ಲೆಕ್ಕದಷ್ಟೇ. ನೀರು ಬಿಟ್ಟಾಗ ಮುಳ್ಳು ಹಿಂದಕ್ಕೆ ಬಂತು. ಎರಡನೆಯದು, ಮೂರನೆಯದು, ನಾಲ್ಕನೆಯದೂ ಹಾಗೆಯೇ. ಅಂಗಳದಲ್ಲಿ ಆಗಲೇ ಹಾಡು ಶುರುವಾಗಿತ್ತು.

ಐದನೆಯದು ಗೋಡೆಯ ಪಕ್ಕದ್ದು, ವರ್ಷಗಟ್ಟಲೆ ನೀರು ಸೋರಿದ್ದ ಜಾಗ. ಅರ್ಧ ತುಂಬುವಷ್ಟರಲ್ಲೇ ಮುಳ್ಳು ಬೇರೆಯಾಗಿದ್ದಾಗಿನ ಲೆಕ್ಕದತ್ತ ಓಡಿತು. ಶಿಲ್ಪಾ ನೀರು ಬಿಡಿಸಿದಳು. ಸ್ಲ್ಯಾಬಿನ ತುದಿ ತೊಲೆಯ ಮೇಲೆ ಜಾರಿದ್ದು ಕಣ್ಣಿಗೇ ಕಂಡಿತು. ಹಾಡು ನಿಂತಿತು. "ನಾನು ಹೇಳ್ಲಿಲ್ವಾ" ಎಂದ ಷಡಕ್ಷರಿಯವರ ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ. ಹೆಂಡತಿಯ ಮುಖ ನೋಡಿ ಅವರೂ ಸಪ್ಪಗಾದರು.

"ನೀವು ಹೇಳಿದ್ದು ಐದರಲ್ಲಿ ಒಂದು ಪಾಲು ನಿಜ" ಎಂದು ಶಿಲ್ಪಾ ನಕ್ಕಳು. "ಸೋರಿದ ನೀರಿಗೆ ತುಕ್ಕು ಹಿಡಿದು ಇದೊಂದು ತೊಲೆ ಕಾಂಕ್ರೀಟಿನ ಹಿಡಿತ ಬಿಟ್ಟಿದೆ. ಅದಕ್ಕೆ ಬೋಲ್ಟ್ ಹಾಕಿ ಸ್ಲ್ಯಾಬ್ ಜೊತೆ ಬಿಗಿಯೋಣ. ಸೋರೋದು ನಿಲ್ಲಿಸಿ."

ಸೋರಿಕೆ ನಿಲ್ಲಿಸಿದವರು, ಬೋಲ್ಟ್ ತರಲು ಚಿಕ್ಕಮಗಳೂರಿಗೆ ಹೋದವರು ಷಡಕ್ಷರಿಯವರೇ. ಬಿಗಿದ ಮೇಲೆ ಮತ್ತೆ ನೀರಿನ ಪರೀಕ್ಷೆ. ಈ ಸಲ ಐದನೆಯದೂ ಉಳಿದವುಗಳ ಸಾಲಿಗೆ ಸೇರಿತು. ಕೊನೆಗೆ ಕುಣಿತದ ಪರೀಕ್ಷೆ.

"ಒಂದು ಸಲಕ್ಕೆ ಹದಿನಾರು ಜನ. ಹೆಚ್ಚಿಗೆ ಒಬ್ರೂ ಬೇಡ" ಎಂದಳು ಶಿಲ್ಪಾ.

ಕೋಲುಗಳು ತಾಕಿದವು. ಮುಳ್ಳುಗಳು ತಾಳಕ್ಕೆ ತಕ್ಕಂತೆ ನಡುಗಿ, ಹಾಡು ನಿಂತಾಗ ತಮ್ಮ ಜಾಗಕ್ಕೆ ಮರಳಿದವು. ಶಿವಗಂಗಮ್ಮ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿ, ಶಿಲ್ಪಾಳ ಕೈಗೆ ಕೋಲು ಕೊಟ್ಟರು. ಅವಳು ತಾಳ ತಪ್ಪಿ ಎದುರಿನವರ ಬೆರಳಿಗೇ ಹೊಡೆದಳು. ಎಲ್ಲರಿಗೂ ನಗು ತಡೆಯಲಾಗಲಿಲ್ಲ.

ಷಡಕ್ಷರಿಯವರು ಮೆಟ್ಟಿಲ ಬಳಿ ಬಂದು ನಿಂತರು. "ನಾನೂ ಒಂದು ಕೈ ನೋಡೋಣ ಅಂತ."

"ಹದಿನಾರು ಆಗೋಯ್ತು ಕಣ್ರೀ" ಎಂದರು ಶಿವಗಂಗಮ್ಮ.

ಶಿಲ್ಪಾ ತನ್ನ ಕೋಲುಗಳನ್ನು ಅವರಿಗೆ ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಅವರು ಪಂಚೆ ಎತ್ತಿ ಕಟ್ಟಿ, ಹೆಂಡತಿಯ ಎದುರಿಗೆ ಹೋಗಿ ನಿಂತರು. ಹಾಡು ಮತ್ತೆ ಶುರುವಾಯಿತು.