ಎರಡು ಬಾಗಿಲಿಗೆ ಒಂದೇ ಕಿಟಕಿ

“ಅಮ್ಮಾ, ಹಲಗೆ ತಾತ ಯಾಕೆ ನಮ್ಮನೆ ನೆಲದ ಮೇಲೆ ಮಲಗಿದ್ದಾರೆ? ಹುಷಾರಿಲ್ವಾ?”

ಪುಟ್ಟಿಗೆ ಉತ್ತರ ಕೊಡುವಷ್ಟು ಸಮಾಧಾನ ಅಮ್ಮನಿಗಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು, ಆದರೆ ಕಾಲು ಆಡುತ್ತಿರಲಿಲ್ಲ. ಕಿವಿಯೆಲ್ಲ ಬಾಗಿಲ ಬಳಿ ನಿಂತ ಮನೆ ಮಾಲೀಕರ ಕಡೆಗಿತ್ತು.

ತಾತನೇ ಅಂಗಾತ ಮಲಗಿದ್ದಲ್ಲಿಂದ ಹೇಳಿದ: “ಹುಷಾರಾಗೇ ಇದ್ದೀನಿ ಪುಟ್ಟಮ್ಮ. ಅಳತೆ ಟೇಪು ಉದ್ದ ಹೇಳುತ್ತೆ. ಮನುಷ್ಯ ಮಗ್ಗುಲು ಬದಲಾಯಿಸಬಹುದಾ ಅಂತ ಹೇಳೋಲ್ಲ.”

ಹೇಳಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ, ಕೈ ಚಾಚಿ, ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದ ಗೀಟು ಎಳೆದ. ಅವನ ಕೆಲಸದ ಕ್ರಮವೇ ಹಾಗೆ. ಮಲಗಿ ನೋಡದೆ ಅವನು ಯಾವ ಅಡ್ಡಗೋಡೆಯನ್ನೂ ಹಾಕಿದವನಲ್ಲ.

ಇಂದು ಇಬ್ಭಾಗವಾಗಬೇಕಿದ್ದದ್ದು ಹೊಲಿಗೆಯವಳ ಕೋಣೆ. ಉದ್ದನೆಯ ಕೋಣೆ, ಪಡಸಾಲೆಗೆ ತೆರೆಯುವ ಬಾಗಿಲು ಎರಡು. ಕಿಟಕಿ ಮಾತ್ರ ಒಂದೇ, ಅದೂ ಕೊನೆಯ ಗೋಡೆಯಲ್ಲಿ. ನಡುವೆ ಹಲಗೆ ನಿಂತರೆ ಒಂದು ಪಾಲಿಗೆ ಗಾಳಿ ಬೆಳಕು, ಇನ್ನೊಂದಕ್ಕೆ ಬರೀ ಬಾಗಿಲು. ಆ ಕಿಟಕಿಯ ಬೆಳಕಿನಲ್ಲೇ ಅವಳು ಅಂಗಿಯ ಕಾಲರುಗಳನ್ನು ಹೊಲಿಯುತ್ತಿದ್ದಳು. ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಕಿಟಕಿ ಹೋದರೆ ಒಲೆಯೂ ಆರಿದಂತೆಯೇ.

“ಕಿಟಕಿ ಹಳಬರಿಗೇ ಇರಲಿ,” ಎಂದರು ಮಾಲೀಕರು ಕೊನೆಗೆ.

ಅವಳ ಎದೆಯ ಮೇಲಿಂದ ಕಲ್ಲು ಇಳಿಯಿತು. ಇಳಿದ ಕಲ್ಲು ಎಲ್ಲಿಗೆ ಹೋಯಿತೆಂದು ಮರುಗಳಿಗೆಯಲ್ಲೇ ಕಂಡಿತು. ಪಡಸಾಲೆಯಲ್ಲಿ ಹೊಸಬರು ಗಂಟುಮೂಟೆ ಇಟ್ಟುಕೊಂಡು ನಿಂತಿದ್ದರು. ಗಂಡ ಮೂಟೆ ಹೊರುವವನು. ಹೆಂಡತಿ ತುಂಬು ಬಸುರಿ, ಇವತ್ತೋ ನಾಳೆಯೋ ಎಂಬಂತಿದ್ದಳು. ಸೊಂಟಕ್ಕೆ ಕೈ ಕೊಟ್ಟು, ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದಳು. ಮಾಲೀಕರ ಮಾತು ಅವಳಿಗೂ ಕೇಳಿಸಿತ್ತು.

ಹಲಗೆ ತಾತ ಈ ಕಟ್ಟಡಕ್ಕೆ ಬಂದದ್ದು ಮೀಸೆ ಮೂಡುವ ವಯಸ್ಸಿನಲ್ಲಿ, ಮಂಚ ಬೀರು ಮಾಡುವ ಬಡಗಿಯಾಗಿ. ಆಗ ಮಹಡಿಗೊಂದು ಸಂಸಾರ. ಆಮೇಲೆ ಊರು ಬೆಳೆಯಿತು. ಬಂದವರು ತಮ್ಮಂದಿರನ್ನು ಕರೆಸಿಕೊಂಡರು, ತಮ್ಮಂದಿರು ಹೆಂಡಿರನ್ನು ಕರೆತಂದರು, ಮಕ್ಕಳಾದವು, ಮಕ್ಕಳಿಗೆ ಮಕ್ಕಳಾದವು. ನೀರಿನ ನಲ್ಲಿ ಮಾತ್ರ ಅಂದಿನಂತೆ ಕೆಳಗೆ ಒಂದೇ ಉಳಿಯಿತು. ಭೂಮಿಯ ಮೇಲಿನ ಜನ ಇಷ್ಟು ಕೋಟಿಗೆ ಏರಿದರು ಎಂದು ರೇಡಿಯೋದಲ್ಲಿ ಬಂದ ದಿನ ಆ ನಲ್ಲಿಯ ಸಾಲಿನಲ್ಲಿ ಯಾರೋ, “ಅಷ್ಟೂ ಜನ ನಮ್ಮ ಬಿಲ್ಡಿಂಗಿಗೇ ಬಂದ್ರಲ್ಲಪ್ಪ” ಎಂದಿದ್ದರು.

ಮಂಚ ಕೇಳುವವರು ಇಲ್ಲವಾದರು, ಹಾಕಲು ಜಾಗವೆಲ್ಲಿ? ತಾನೇ ಕೂಡಿಸಿದ ಮಂಚಗಳನ್ನು ತಾನೇ ಬಿಚ್ಚಿ ತಾತ ಗೋಡೆ ಮಾಡಿದ. ಅವು ಮುಗಿದ ಮೇಲೆ ಸಾಮಾನಿನ ಪೆಟ್ಟಿಗೆಗಳ ಹಲಗೆ ಬಂತು, ಅದೂ ತುಟ್ಟಿಯಾದಾಗ ಪ್ಲೈವುಡ್. ಮರ ತೆಳ್ಳಗಾದಂತೆ ಗುಟ್ಟುಗಳೂ ತೆಳ್ಳಗಾದವು. ಈ ಕಡೆ ಮೆಣಸಿನಕಾಯಿ ಹುರಿದರೆ ಆ ಕಡೆ ಸೀನು. “ನಾನು ಒಡೆದಷ್ಟು ಮನೆ ಯಾವ ಸೊಸೇನೂ ಒಡೆದಿಲ್ಲ ಬಿಡಿ,” ಎಂದು ಅವನೇ ನಗುತ್ತಿದ್ದ.

ಎಲ್ಲಿ ಒಡೆದರೂ ಅವನದೊಂದು ಹಟ: ಹಲಗೆ ಹೋಗಿ ಕಿಟಕಿಯ ನಟ್ಟನಡುವೆ ನಿಲ್ಲಬೇಕು, ಆಚೆಗೊಂದು ಕದ, ಈಚೆಗೊಂದು. ಅವನು ಸೋತದ್ದು ತಾನಿದ್ದ ಮನೆಯಲ್ಲಿ. ಮೆಟ್ಟಿಲ ಕೆಳಗಿನ ಆ ಅರ್ಧ ಕೋಣೆಗೆ ಕಿಟಕಿಯೇ ಇರಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಅಲ್ಲೇ. ರಾತ್ರಿ ಪಾಳಿಯ ಮಗ ಬರುವ ಹೊತ್ತಿಗೆ ಅಪ್ಪ ಚಾಪೆ ಬಿಟ್ಟುಕೊಡಬೇಕು. ಬೆಳಗಾಯಿತೆಂದು ತಿಳಿಯುವುದು ನಲ್ಲಿಯ ಹತ್ತಿರ ಕೊಡಗಳ ಜಗಳ ಶುರುವಾದಾಗ.

ಗೀಟು ಮುಗಿಸಿ ತಾತ ಎದ್ದ. “ಸ್ವಾಮಿ, ಇಲ್ಲಿ ಕಿಟಕಿ ಹಂಚೋಕಾಗೋಲ್ಲ. ಮೇಲುಗಡೆ ಎರಡು ಹಲಗೆಯಷ್ಟಾದ್ರೂ ಬಿಟ್ಟುಬಿಡ್ತೀನಿ. ಗಾಳಿ ದಾಟುತ್ತೆ.”

“ಗಾಳಿ ಒಂದೇ ದಾಟುತ್ತಾ? ಮಾತೂ ದಾಟುತ್ತೆ. ಮೂರನೇ ಮಹಡೀಲಿ ನೀನು ಹಾಗೆ ಬಿಟ್ಟಿದ್ದೆ ನೋಡು, ದಿನ ಬೆಳಗಾದ್ರೆ ಪಂಚಾಯ್ತಿ ನನ್ನ ತಲೆಗೆ. ಸೂರಿಗೆ ಮುಟ್ಟಿಸು. ಆಗದಿದ್ರೆ ಹೇಳು, ಬೇರೆಯವರಿದ್ದಾರೆ. ನಿನ್ನ ಮೆಟ್ಟಿಲ ಕೆಳಗಿನ ಜಾಗಕ್ಕೂ ಕೇಳೋರಿದ್ದಾರೆ.”

ತಾತ ಸುತ್ತಿಗೆ ಎತ್ತಿಕೊಂಡ. ಚೌಕಟ್ಟು ನಿಂತಿತು, ಹಲಗೆ ಹಲಗೆಯಾಗಿ ಗೋಡೆ ಏರಿತು. ಮಾಲೀಕರು ಅಲುಗಾಡದೆ ಕಾವಲು ಕೂತರು. ಕೆಳಗಿನಿಂದ ಕೊಡ ಉರುಳಿದ ಸದ್ದು, ಹಿಂದೆಯೇ ಕೂಗಾಟ ಕೇಳಿ, “ಇವರ ಮನೆ ಹಾಳಾಗ” ಎನ್ನುತ್ತ ಎದ್ದು ಮೆಟ್ಟಿಲ ಕಡೆಗೆ ನಡೆದರು.

ತಾತನ ಕೈಗೆ ಆಗ ಎಲ್ಲಿಲ್ಲದ ವೇಗ ಬಂತು. ಏಣಿ ಹತ್ತಿ, ಕೊನೆಯ ಎರಡು ಹಲಗೆಗಳನ್ನು ಸೂರಿನ ಕೆಳಗೆ ತೂರಿಸಿದ. ಮೊಳೆ ಹೊಡೆಯಲಿಲ್ಲ. ಹೊಲಿಗೆಯವಳ ಕಡೆಯ ಚೌಕಟ್ಟಿನ ಮೇಲೆ, ತಿರುಗಿಸಿದರೆ ಹಲಗೆ ಬಿಟ್ಟುಕೊಳ್ಳುವಂತೆ ಪುಟ್ಟ ಮರದ ಚಕ್ಕೆಗಳನ್ನು ಸಿಕ್ಕಿಸಿದ. ಕೆಳಗಿದ್ದ ಮಾಲೀಕರಿಗೆ ಸದ್ದು ಕೇಳಬೇಕಲ್ಲ, ಬೇರೊಂದು ಮರದ ತುಂಡನ್ನು ಏಣಿಯ ಮೇಲಿಟ್ಟು ಅದಕ್ಕೆ ಠಣ್ ಠಣ್ ಎಂದು ಮೊಳೆ ಬಡಿದ.

“ತಾತಾ, ಮೊಳೆ ಗೋಡೆಗಲ್ವಾ ಹೊಡೆಯೋದು?”

ಪುಟ್ಟಿಯ ದನಿ ಮುಗಿಯುವುದಕ್ಕೂ ಮಾಲೀಕರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

“ಏನಂತೆ ಮಗೂದು?”

ಏಣಿಯ ಮೇಲೆ ತಾತನ ಬೆನ್ನು ಕಲ್ಲಾಯಿತು. ಆ ಹಲಗೆಗಳ ಮರ್ಮ ಹೊಲಿಗೆಯವಳಿಗೆ ಇನ್ನೂ ಹೊಳೆದಿರಲಿಲ್ಲ. ಹೊಳೆದದ್ದಿಷ್ಟೇ, ಈಗ ಬಾಯಿ ತಪ್ಪಿದರೆ ಮುದುಕನ ಸಂಸಾರ ಬೀದಿಪಾಲು.

“ಇವಳಿಗೂ ಮೊಳೆ ಹೊಡೀಬೇಕಂತೆ,” ಎಂದಳು. “ಬಾರೇ ಇಲ್ಲಿ. ಬೆರಳು ಜಜ್ಜಿಕೊಂಡ್ರೆ ಆಸ್ಪತ್ರೆಗೆ ಯಾರು ಅಲೆಯೋರು?” ಮಗಳನ್ನು ಎಳೆದು ಮಡಿಲಲ್ಲಿ ಅದುಮಿಕೊಂಡಳು.

ಮಾಲೀಕರು ಗೋಡೆಯನ್ನು ಅಂಗೈಯಿಂದ ನೂಕಿದರು, ಬಡಿದರು. ತಲೆಯೆತ್ತಿ ಮೇಲೆ ನೋಡಿದರು. ಕೈ ಎಟುಕಲಿಲ್ಲ.

“ಆ ಸ್ಟೂಲು ಕೊಡಮ್ಮ ಒಂಚೂರು.”

ಸ್ಟೂಲಿನ ಮೇಲೆ ಅವಳೇ ಕೂತಿದ್ದಳು. ಮಗಳನ್ನು ತೊಡೆಯ ಮೇಲಿಟ್ಟುಕೊಂಡೇ ಯಂತ್ರದ ಪೆಡಲು ತುಳಿದಳು. “ಎದ್ದೆ ಸರ್, ಈ ಕಾಲರ್ ಅರ್ಧದಲ್ಲಿದೆ. ಬಿಟ್ಟರೆ ಸುಕ್ಕು ಹಿಡಿಯುತ್ತೆ. ಒಂದು ನಿಮಿಷ.”

ಹೊಲಿಗೆ ಸೊಟ್ಟಗೆ ಓಡಿತು. ಅವಳು ನಿಲ್ಲಿಸಲಿಲ್ಲ. ಮಾಲೀಕರು ಗಡಿಯಾರ ನೋಡಿಕೊಂಡರು, ಕೆಳಗೆ ಕೂಗಾಟ ಮತ್ತೆ ಏರಿತು. “ಗಟ್ಟಿಯಾಗಿದೆ ಬಿಡು,” ಎಂದು ಗೊಣಗಿ ಇಳಿದುಹೋದರು.

ಗೋಡೆಯಾಚೆ ಹೊಸಬರು ಗಂಟು ಬಿಚ್ಚುತ್ತಿದ್ದರು. ಆ ಬಸುರಿ ಕೂತ ಸದ್ದು, ಅವಳ ಭಾರದ ಉಸಿರು ಪ್ಲೈವುಡ್ಡಿನ ಮೂಲಕ ಇತ್ತ ಕೇಳುತ್ತಿತ್ತು.

ಕಾಲರಿನ ಕೆಟ್ಟ ಹೊಲಿಗೆ ಬಿಚ್ಚುತ್ತ ಹೊಲಿಗೆಯವಳು ಸಣ್ಣ ದನಿಯಲ್ಲಿ ಗದರಿದಳು: “ಏನು ಕೆಲಸ ಮಾಡಿಟ್ರಿ ತಾತ? ನನ್ನ ಕೈಯಲ್ಲಿ ಸುಳ್ಳು ಬೇರೆ ಹೇಳಿಸಿದ್ರಿ.”

ತಾತ ಏಣಿಯಿಂದಿಳಿದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ದನಿ ತಗ್ಗಿಸಿ ಹೇಳಿದ:

“ಮೇಲಿನೆರಡು ಹಲಗೆಗೆ ಮೊಳೆ ಹೊಡೆದಿಲ್ಲ, ಚಕ್ಕೆ ನಿನ್ನ ಕಡೆಗಿದೆ ಮಗಳೇ. ಆ ಕಡೆಯವರು ಬಿಚ್ಚೋಕಾಗೋಲ್ಲ, ಕೇಳೋ ಬಾಯೂ ಅವರಿಗಿಲ್ಲ. ಕಿಟಕಿ ಬಿಟ್ಟುಕೊಡು ಅಂತ ನಾನನ್ನೋಲ್ಲ, ನಿನ್ನ ಅನ್ನ ಅದು. ಆದರೆ ಇನ್ನೇನು ಅಲ್ಲೊಂದು ಕೂಸು ಬರುತ್ತೆ. ರಾತ್ರಿಯೆಲ್ಲ ಅತ್ತು ನಿನ್ನ ನಿದ್ದೆ ಕೆಡಿಸುತ್ತೆ. ಗಂಡ ಬಂದಾಗ ನೀವಾಡೋ ಪಿಸುಮಾತೂ ಅವರಿಗೆ ಕೇಳುತ್ತೆ. ಅದೆಲ್ಲ ಗೊತ್ತಿದ್ದೂ ಕೇಳ್ತಿದ್ದೀನಿ. ಓನರ್ ಬರೋವಾಗ ಮುಚ್ಚಿಬಿಡು. ಮಿಕ್ಕ ಹೊತ್ತು ಆ ಎರಡು ಹಲಗೆ ಇಳಿಸಿಡ್ತೀಯಾ?”