ಟಿಫಿನ್ ಡಬ್ಬಿಯಲ್ಲಿ ಬ್ರೇಕಿನ ಸ್ಪ್ರಿಂಗುಗಳು

ನಮ್ಮವರು, ಸೇಸಪ್ಪನವರು, ಗಲ್ಫಿನ ಬಂದರು ಶುವೈಖ್‌ನ ಒಂದು ಯಾರ್ಡಿನಲ್ಲಿ ವಿಂಚ್ ರಿಪೇರಿ ಮಾಡುತ್ತಿದ್ದರು. ಭಾರದ ಮಾಲನ್ನು ಕಬ್ಬಿಣದ ಹಗ್ಗದಲ್ಲಿ ಎತ್ತುವ ಯಂತ್ರ ಅದು. ಎತ್ತುವುದು ಎಣ್ಣೆಯ ಒತ್ತಡ. ಎತ್ತಿದ್ದು ಜಾರದ ಹಾಗೆ ಹಿಡಿಯುವುದು ಬ್ರೇಕಿನ ಸ್ಪ್ರಿಂಗು. ಬ್ರೇಕ್ ಬಿಚ್ಚಿ ಕೆಲಸ ಅರ್ಧಕ್ಕೆ ನಿಂತರೆ ಸ್ಪ್ರಿಂಗುಗಳನ್ನು ಟಿಫಿನ್ ಡಬ್ಬಿಗೆ ಹಾಕಿ ಖೈತಾನಿನ ನಮ್ಮ ಕೋಣೆಗೆ ತರುತ್ತಿದ್ದರು. ತಾನಿಲ್ಲದಾಗ ಯಾರೂ ಅದನ್ನು ಮುಚ್ಚಿ ಓಡಿಸಬಾರದು ಎಂದು. ಗ್ರೀಸು ಮೆತ್ತಿದ ಆ ಡಬ್ಬಿ ತಿಕ್ಕುವುದು ನನ್ನ ಪಾಲಿಗೆ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದಾಗಲೂ ಸ್ಪ್ರಿಂಗುಗಳು ನಮ್ಮಲ್ಲೇ ಇದ್ದವು. ಕೆಲವು ದಿನ ಕಳೆದು ಬೀರಾನ್ ಬಂದ. ಅದೇ ಯಾರ್ಡಿನಲ್ಲಿ ಕೊಕ್ಕೆಗೆ ಮಾಲು ಕಟ್ಟುವವನು, ನಮ್ಮೂರ ಕಡೆಯ ಬ್ಯಾರಿ.

"ಸೇಸಣ್ಣ, ನಿಮ್ಮ ವಿಂಚಿಗೆ ಫೋರ್‌ಮನ್ ಮುಚ್ಚಳ ಹಾಕಿಸಿದ. ನಾಳೆ ಮಿಲಿಟರಿಯವರ ಮಾಲು ಎತ್ತಲಿಕ್ಕುಂಟಂತೆ."

"ಒಳಗೆ ಸ್ಪ್ರಿಂಗೇ ಇಲ್ಲ ಮಾರಾಯ! ಹೇಳ್ಲಿಲ್ವಾ ನೀನು?"

"ಹೇಳಿದೆ. ಬಂದೂಕಿನ ಎದುರು ಅವನಿಗೆ ಯಲ್ಲಾ ಯಲ್ಲಾ, ಬೇಗ ಬೇಗ, ಅದೊಂದೇ ಗೊತ್ತು. ಅಡಿಯಲ್ಲಿ ನಿಲ್ಲುವವ ನಾನಲ್ವಾ?"

ನಮ್ಮವರು ಚಾ ಮುಟ್ಟಲಿಲ್ಲ. ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಮತ್ತೆ ಕಿಟಕಿಗೆ. "ಜಾಗ್ರತೆಗೆ ಅಂತ ತಂದದ್ದು ಇವನ ತಲೆಗೇ ಬಂತಲ್ಲ! ಈಗಲೇ ಹೋಗಿ ಹಾಕಿ ಬರ್ಬೇಕು."

ನಾನು ಡಬ್ಬಿಯ ತಳಕ್ಕೆ ಸ್ಪ್ರಿಂಗು ಜೋಡಿಸಿ ಮೇಲೆ ಬಾಳೆಎಲೆ ಇಲ್ಲದ್ದಕ್ಕೆ ಪ್ಲಾಸ್ಟಿಕ್ ಹಾಸಿ ಅನ್ನ ತುಂಬಿಸಿದೆ. "ನಾನೂ ಬರ್ತೇನೆ. ಹೆಂಗಸರಿದ್ದರೆ ಸಿಪಾಯಿಗಳು ಅಷ್ಟು ಕೆದಕುವುದಿಲ್ಲ."

"ನಿನಗೆ ಮರ್ಲಾ? ತಲೆ ಸರಿ ಉಂಟಾ?"

"ಡಬ್ಬಿ ನನ್ನದು. ಸುಮ್ಮನೆ ಹೊರಡಿ."

ಬೀರಾನನ ವ್ಯಾನಿನಲ್ಲಿ ಹೋದೆವು. ದಾರಿಯಲ್ಲಿ ಒಬ್ಬ ಸಿಪಾಯಿ ಮುಚ್ಚಳ ತೆಗೆಸಿ, ಅನ್ನ ನೋಡಿ, ಕೈಬೀಸಿದ. ನಾನು ಮುಚ್ಚಳ ಒತ್ತಿ ಮುಚ್ಚಿ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡೆ.

ಯಾರ್ಡಿನಲ್ಲಿ ಫೋರ್‌ಮನ್ ಮುಖ ತಿರುಗಿಸಿ ನಿಂತ, ತಡೆಯಲಿಲ್ಲ. ನಮ್ಮವರು ಬ್ರೇಕಿನ ಮುಚ್ಚಳ ಬಿಚ್ಚಿದರು, ತಟ್ಟೆಗಳನ್ನು ಒರೆಸಿದರು, ಒಂದೊಂದು ಸ್ಪ್ರಿಂಗನ್ನೂ ಅದರದರ ಗುಳಿಯಲ್ಲಿ ಕೂರಿಸಿದರು. ಮುಚ್ಚಳ ಇಟ್ಟು, ಬೋಲ್ಟುಗಳನ್ನು ಸಾಲಾಗಿ ಒಂದರ ಪಕ್ಕ ಒಂದರಂತೆ ಬಿಗಿಯಲಿಲ್ಲ; ಒಂದು ಬಿಗಿದರೆ ಮುಂದಿನದು ಅದರ ಎದುರಿನದು, ಮುಚ್ಚಳ ಓರೆಯಾಗದ ಹಾಗೆ. ಬಳಿಕ ಒಂದು ಕಬ್ಬಿಣದ ದಿಮ್ಮಿಯನ್ನು ಗೇಣು ಎತ್ತರಕ್ಕೆ ಎತ್ತಿ ನಿಲ್ಲಿಸಿ, ಹಗ್ಗ ಸುತ್ತುವ ಉರುಳೆಗೂ ಅದರ ಚೌಕಟ್ಟಿಗೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದರು.

"ಖಲಾಸ್ ಸೇಸಣ್ಣ, ಹೋಗುವ!" ಬೀರಾನ್ ಗೇಟಿನತ್ತಲೇ ನೋಡುತ್ತಿದ್ದ.

"ತಾಳು. ಗೆರೆ ನೋಡು. ಉರುಳೆ ಜಾರಿದ್ರೆ ಅದು ತುಂಡಾಗ್ತದೆ."

ಗೆರೆ ಮುರಿಯಲಿಲ್ಲ. ಆದರೂ ಮರುದಿನವಿಡೀ ನಮ್ಮವರು ಕಿಟಕಿ ಬಿಡಲಿಲ್ಲ. ಸಂಜೆ ಬೀರಾನನ ವ್ಯಾನ್ ಕಂಡ ಮೇಲೆಯೇ ಊಟಕ್ಕೆ ಕೂತರು.

ಕೊನೆಗೆ ಊರಿನ ವಿಮಾನ ಹತ್ತಲು ಅಮ್ಮಾನ್ ನಗರಕ್ಕೆ ಹೊರಟ ಬಸ್ಸಿನಲ್ಲಿಯೂ ಅದೇ ಮಾತು. "ಬೀರಾನ್, ಸತ್ಯ ಹೇಳು. ಸ್ವಲ್ಪವೂ ಜಾರ್ಲಿಲ್ವಾ?"

"ಜಾರಿದ್ರೆ ನಿಮ್ಮ ಈ ಪ್ರಶ್ನೆ ಕೇಳುವ ಕರ್ಮ ನನಗೆ ಇರ್ತಿತ್ತಾ? ಮಲಗಿ ಮಾರಾಯ್ರೆ!"