ಮುಳ್ಳಿನ ಮಿಸ್ತ್ರಿ ಮತ್ತು ಮುಂದಿನ ಸೀಟು

“ನಮ್ಮ ಗಾಡ್ಯಾಗ ಮುಂದಿನ ಸೀಟು ನೀರಿನ ಕ್ಯಾನಿಂದ್ರಿ ಕಾಕು. ನಾ ಲಗ್ನ ಆಗಿ ಬಂದಾಕಿ, ಹಿಂದ ಕುಂದರ್ತೇನಿ. ಅದು ಸಂತ್ಯಾಗಿಂದ ಬಂದದ್ದು, ಮುಂದ ಕುಂದರ್ತದ.”

ಸುಮಿತ್ರಾಬಾಯಿ ಹೀಗೆ ಹೇಳುತ್ತಿರುವುದು ಚಹಾ ಸೋಸುತ್ತಿರುವ ಅಮೀರುನ್ನಿಸಾ ಅವರಿಗೆ. ಆದರೆ ಮಾತು ಮುಟ್ಟಬೇಕಾದದ್ದು ಅತ್ತ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ನಿಂತಿರುವ ಗಂಡನಿಗೆ. ದೇವೀಂದ್ರಪ್ಪನವರಿಗೆ ಅದು ಕೇಳಿಸಿದೆ. ಕೇಳಿಸಿಯೂ ತಿರುಗುವುದಿಲ್ಲ. ಬಾನೆಟ್ಟಿನೊಳಗೆ ಇನ್ನೊಂದು ತಲೆ ಇದೆ, ಅದು ಮಾತ್ರ ಮೆಲ್ಲಗೆ ನಗುತ್ತದೆ. “ಬಾಯಾರ ಮಾತ ಖರೇ ಅದ ತಮ್ಮಾ. ಕ್ಯಾನು ಟಿಕೀಟ್ ಕೊಡಂಗಿಲ್ಲ.”

ನಗುತ್ತಿರುವವರು ಅಮೀರುನ್ನಿಸಾ ಅವರ ಗಂಡ ಹುಸೇನಪೀರ. ಆಳಂದದ ಬಸ್ ಸ್ಟ್ಯಾಂಡ್ ದಾಟಿ ಸ್ವಲ್ಪ ಮುಂದೆ, ಜಾಲಿಗಿಡದ ಪಕ್ಕದ ತಗಡಿನ ಶೆಡ್ಡು ಇವರದು. ಬೋರ್ಡಿಲ್ಲ. ಕೇಳಿದರೆ ಯಾರಾದರೂ ‘ಮುಳ್ಳಿನ ಮಿಸ್ತ್ರಿನಾ?’ ಎಂದು ಕೈ ತೋರಿಸುತ್ತಾರೆ. ಮುಳ್ಳು ಎಂದರೆ ಸ್ಟೇರಿಂಗಿನ ಮುಂದೆ ಇರುವ ಮೀಟರಿನ ಮುಳ್ಳು. ಇಂಜಿನ್ನಿನ ನೀರು ಎಷ್ಟು ಕಾದಿದೆ ಎಂದು ಡ್ರೈವರನಿಗೆ ಹೇಳುವುದು ಅದರ ಕೆಲಸ. ಆ ಮುಳ್ಳು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ಎಂದು ಕಂಡುಹಿಡಿಯುವುದು ಹುಸೇನಪೀರರ ಕೆಲಸ.

ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಗುಲಬರ್ಗಾ ಕಡೆಯ ಬಸ್ಸು ಹಾರ್ನ್ ಹಾಕುತ್ತ ಹೋಗುತ್ತದೆ. ಇಷ್ಟು ನಸುಕಿನಲ್ಲಿ ಗ್ಯಾರೇಜ್ ತೆಗೆಯುವವರು ಈ ಸಾಲಿನಲ್ಲಿ ಇವರೊಬ್ಬರೇ. ಅದಕ್ಕೆ ಕಾರಣ ಭಕ್ತಿಯೂ ಅಲ್ಲ, ಗಿರಾಕಿಗಳ ನೂಕುನುಗ್ಗಲೂ ಅಲ್ಲ. “ಗಾಡಿ ರಾತ್ರಿ ಇಲ್ಲೇ ಮಲಗಬೇಕ್ರಿ. ಮುಂಜಾನೆ ಇಂಜಿನ್ ಕಲ್ಲಿನಂಗ ತಣ್ಣಗಿರ್ತದ. ಆಗ ಮುಳ್ಳು ಎಲ್ಲಿ ಕುಂತದ ಅಂತ ಮೊದಲ ನೋಡ್ಬೇಕು. ಓಡಿ ಬಂದ ಗಾಡಿ ಮುಂದ ನಿಂತು ಹೇಳಿದ್ರ, ಓಡಿ ಬಂದ ಮನಷ್ಯಾನ ನಾಡಿ ಹಿಡದಂಗ.”

ಈ ಸುತ್ತಿನಲ್ಲಿ ಈಗ ಹೊಸ ಚಾಳಿಯೊಂದು ಶುರುವಾಗಿದೆ. ಪೆಟ್ರೋಲ್ ಕುಡಿಯುವ ಹಳೆಯ ಅಂಬಾಸಿಡರ್, ಜೀಪುಗಳ ಇಂಜಿನ್ ಕಿತ್ತು, ಗುಜರಿಗೆ ಬಂದ ವ್ಯಾನಿನ ಡೀಸೆಲ್ ಇಂಜಿನ್ ಕೂರಿಸುವುದು. ಇಂಜಿನ್ ಕೂರಿಸುವವರು ಗಟ್ಟಿ ಕೆಲಸಗಾರರೇ. ಆದರೆ ಮೀಟರು ಮಾತ್ರ ಹಳೆಯದೇ ಉಳಿಯುತ್ತದೆ. ಇಂಜಿನ್ನಿನ ನೀರಿನಲ್ಲಿ ಮೂಗು ಅದ್ದಿಕೊಂಡು ಕೂತು ಮೀಟರಿಗೆ ಸುದ್ದಿ ಕಳಿಸುವ ಹೆಬ್ಬೆರಳ ಗಾತ್ರದ ಸೆನ್ಸರ್, ಇಲ್ಲಿನವರ ಬಾಯಲ್ಲಿ ‘ಬಲ್ಬು’, ಹೊಸ ಇಂಜಿನ್ನಿನ ಜೊತೆ ಬರುತ್ತದೆ. “ಹಳೇ ಅತ್ತಿ, ಹೊಸ ಸೊಸಿ” ಎನ್ನುತ್ತಾರೆ ಹುಸೇನಪೀರ. “ಆಕಿ ಬೆಚ್ಚಗದ ಅಂದ್ರ ಈಕಿಗಿ ಬೆಂಕಿ ಹತ್ತ್ಯದ ಅಂತ ಕೇಳಸ್ತದ.”

ಮಾದನಹಿಪ್ಪರಗಾದ ದೇವೀಂದ್ರಪ್ಪನವರ ಕಾರಿಗೆ ಆಗಿರುವುದು ಇದೇ ಎಂಬುದು ಮಿಸ್ತ್ರಿಯ ಗುಮಾನಿ. ಇದೇ ಎಂದು ಖಾತ್ರಿಯಾಗದೆ ಅವರು ಬಾಯಿ ಬಿಡುವವರಲ್ಲ. ಊರಿಂದ ಆಳಂದಕ್ಕೆ ಮಂದಿ ಕೂರಿಸಿಕೊಂಡು ಓಡಾಡುವ ಕಾರು ಅದು. ಇಂಜಿನ್ ಬದಲಾದ ದಿನದಿಂದ ಓಡುವಾಗ ಮುಳ್ಳು ಕೆಂಪು ಗೆರೆ ಬಿಟ್ಟು ಇಳಿದಿಲ್ಲ. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೀರು ಹೊಯ್ಯುವುದನ್ನು ನೋಡಿ ಮಂದಿ ಬೇಸತ್ತು ಬಸ್ಸು ಹತ್ತತೊಡಗಿದ್ದಾರೆ. ಇಂಜಿನ್ನಿನ ಮೇಲ್ಭಾಗದ ಹೆಡ್ಡು ಬಿಚ್ಚಿಸಿದ್ದಾಯಿತು, ರೇಡಿಯೇಟರ್ ಬದಲಿಸಿದ್ದಾಯಿತು. ನಾಳೆ ಜೇವರ್ಗಿಯಿಂದ ಒಬ್ಬರು ಕಾರು ಕೊಂಡೊಯ್ಯಲು ಬರುವವರಿದ್ದಾರೆ. ಕೊಟ್ಟುಬಿಟ್ಟರೆ ದೇವೀಂದ್ರಪ್ಪ ಮತ್ತೆ ನಿಂಬರ್ಗಾದ ಯಾರದೋ ಟ್ರ್ಯಾಕ್ಟರ್ ಹೊಡೆಯಬೇಕು. “ಒಬ್ಬರನ್ನೇ ಬಿಟ್ರ ದಾರ್‍ಯಾಗೇ ಮಾರಿ ಬರ್ತಾರ ಅಂತ ನಾ ಸಂಗಾಟ ಬಂದೇನಿ” ಎನ್ನುತ್ತಾರೆ ಸುಮಿತ್ರಾಬಾಯಿ.

“ದಾರ್‍ಯಾಗ ನಿಲ್ಲಿಸಿದಾಗ ಗಾಡಿ ಎಷ್ಟು ನೀರು ಕುಡಿತದ?” ಹುಸೇನಪೀರರ ಮೊದಲ ಪ್ರಶ್ನೆ.

“ಮುಚ್ಚಳ ತೆಗದ್ರ ಬುಸ್ ಅಂತ ಉಗುಳ್ತದ್ರಿ ಕಾಕಾ. ಆಮ್ಯಾಲ ಉಗುಳಿದಷ್ಟು ಹಾಕಿದ್ರ ತುಂಬೇ ಬಿಡ್ತದ. ಒಂದು ಕಪ್ಪು ಹಿಡದ್ರ ಹೆಚ್ಚು.”

“ಉಳದ ಕ್ಯಾನು?”

“ಇಂಜಿನ್ ಮ್ಯಾಲ ಸುರೀತೇನಿ. ಆರಲಿ ಅಂತ.”

ಹುಸೇನಪೀರ ಕೈಯಲ್ಲಿದ್ದ ಪಾನಾ ಕೆಳಗಿಡುತ್ತಾರೆ. “ಕುದಿಯೂ ಗಾಡಿ ಕ್ಯಾನ್‌ಗಟ್ಲೆ ಕುಡಿತದ ಮಾರಾಯಾ. ಬಿಸಿ ಇಂಜಿನ್ ಮುಚ್ಚಳ ತೆಗದ್ರ ಚೊಲೊ ಗಾಡಿನೂ ಉಗುಳ್ತದ. ಇದು ಕುದ್ದಿಲ್ಲಂದ್ರ, ನೀ ಹಿಂಗ ತಣ್ಣೀರು ಸುರದು ಸುರದು ಹೆಡ್ ಸೀಳಸ್ತಿ. ಮುಳ್ಳಿನ ಸುಳ್ಳು ನೀನೇ ಖರೇ ಮಾಡಿ ಕೊಡಾಕತ್ತಿ.”



ಮುಂದಿನದ್ದು ನೋಡುವಂಥದ್ದು. ಮಿಸ್ತ್ರಿ ಚಾವಿ ತಿರುವಿ ಬಲ್ಬಿನ ವೈರು ಕಳಚುತ್ತಾರೆ, ತಣ್ಣನೆಯ ಇಂಜಿನ್ನಿಗೂ ಅಷ್ಟು ಎದ್ದು ಕೂತಿದ್ದ ಮುಳ್ಳು ತಳಕ್ಕೆ ಬೀಳುತ್ತದೆ. ಅದೇ ವೈರನ್ನು ಇಂಜಿನ್ನಿನ ಮೈಗೆ ಮುಟ್ಟಿಸುತ್ತಾರೆ, ಮುಳ್ಳು ಕೆಂಪು ದಾಟಿ ನಿಲ್ಲುತ್ತದೆ. ಹಾಗಾದರೆ ಮೀಟರು ಸರಿ, ವೈರು ಸರಿ. ಈಗ ಬಲ್ಬು ಬಿಚ್ಚಿ ಹೊರಗೆ ಬರುತ್ತದೆ, ಅಮೀರುನ್ನಿಸಾ ಅವರ ಇನ್ನೊಂದು ಕೆಟಲಿಯೊಳಗೆ ಹೋಗುತ್ತದೆ. ಕೆಟಲಿಯಲ್ಲಿ ಬರೀ ನೀರು, ಪಕ್ಕದಲ್ಲಿ ಸೊಲ್ಲಾಪುರದಿಂದ ತಂದ ಗಾಜಿನ ಥರ್ಮಾಮೀಟರು. ಒಂದು ವೈರು ಬಲ್ಬಿನ ಮೈಯಿಂದ ಕಾರಿನ ಮೈಗೆ, ಇನ್ನೊಂದು ಬಲ್ಬಿನ ತಲೆಯಿಂದ ಮೀಟರಿಗೆ. ಸ್ಟೋವಿನ ಮೇಲೆ ಕೆಟಲಿ, ಅಷ್ಟು ದೂರದಲ್ಲಿ ಕಾರಿನೊಳಗೆ ಮುಳ್ಳು. ಕೆಟಲಿ ಕಾಯುವುದು ಹೆಂಡತಿ, ಮುಳ್ಳು ಕಾಯುವುದು ಗಂಡ.

“ಹಬೆ ಬಂತಾ?” ಒಳಗಿನಿಂದ ಕೂಗು.

“ಎಲ್ಲಿ ಹಬೆ? ಇನ್ನಾ ತಳದಾಗ ಗುಳ್ಳಿನೂ ಎದ್ದಿಲ್ಲ.”

“ಇಲ್ಲಿ ಮುಳ್ಳು ಕೆಂಪಿಗಿ ಹೋಗಿ ಕುಂತದ ನೋಡು.” ಹುಸೇನಪೀರ ಕಾರಿನಿಂದ ಇಳಿಯುತ್ತಾರೆ. “ತಮ್ಮಾ, ನಿನ್ನ ಇಂಜಿನ್ ಚೊಲೊ ಅದ ಅಂತ ಇನ್ನೂ ಹೇಳಂಗಿಲ್ಲ. ಬಲ್ಬು ಸುಳ್ಳದ ಅಂತ ಮಾತ್ರ ಹೇಳ್ತೇನಿ.”

ಈ ಎಚ್ಚರ ಇವರಿಗೆ ಪುಸ್ತಕದಿಂದ ಬಂದದ್ದಲ್ಲ. ಹುಟ್ಟಿದ್ದು ಜೇವರ್ಗಿಯಲ್ಲಿ. ತಂದೆ ಮೌಲಾಲಿ ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಕಟ್ಟುತ್ತಿದ್ದವರು. ಮೀಸೆ ಮೂಡುವ ಹೊತ್ತಿಗೆ ಹುಸೇನಪೀರ ಲಾರಿಯ ಕ್ಲೀನರ್. ಒಂದು ಮಧ್ಯಾಹ್ನ ಅಫಜಲಪುರದ ದಾರಿಯಲ್ಲಿ ಲಾರಿ ಜಗ್ಗದೆ ನಿಂತಿತು. ಡ್ರೈವರು ಮೀಟರು ನೋಡಿ, ‘ತಣ್ಣಗದ, ಮುಚ್ಚಳ ತೆಗಿ’ ಎಂದರು. ಇವರು ತೆಗೆದರು, ಕುದಿನೀರು ಕೈಮೇಲೆ ಚಿಮ್ಮಿತು. ಎಡ ಮೊಣಕೈಯಿಂದ ಮುಂಗೈವರೆಗಿನ ಚರ್ಮ ಇವತ್ತಿಗೂ ಸುಕ್ಕುಗಟ್ಟಿದ ರೇಷ್ಮೆಯಂತಿದೆ. ಆಮೇಲೆ ಬಿಚ್ಚಿ ನೋಡಿದರೆ, ನೀರು ಸೋರದಿರಲೆಂದು ಬಲ್ಬಿನ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಯಾರೋ ಸೆಣಬು ಸುತ್ತಿ ದಪ್ಪಗೆ ಬಣ್ಣ ಬಳಿದಿದ್ದರು. ಬಲ್ಬಿಗೂ ಇಂಜಿನ್ನಿಗೂ ಕಬ್ಬಿಣ ಕಬ್ಬಿಣ ಮುಟ್ಟುತ್ತಿರಲಿಲ್ಲ, ಸುದ್ದಿ ಹೋಗುತ್ತಿರಲಿಲ್ಲ. ಇಂಜಿನ್ ಕುದಿಯುತ್ತಿತ್ತು, ಮುಳ್ಳು ಮಲಗಿತ್ತು.

“ಸುಳ್ಳಿನ್ಯಾಗ ಎರಡು ಜಾತಿ ಅವ್ರಿ. ಒಂದು ಅಂಜಸೂ ಸುಳ್ಳು, ಒಂದು ಮಲಗಸೂ ಸುಳ್ಳು. ದೇವೀಂದ್ರಂದು ಅಂಜಸೂದು. ನಂದು ಮಲಗಸೂದಿತ್ತು” ಎಂದು ಆ ಕೈಯಿಂದಲೇ ಚಹಾದ ಬಸಿ ಎತ್ತುತ್ತಾರೆ.

ಆ ಕೈ ವಾಸಿಯಾಗುವವರೆಗೆ ಯಾವ ಲಾರಿಯವರೂ ಕೆಲಸಕ್ಕೆ ಕರೆಯಲಿಲ್ಲ. ಮನೆಯಲ್ಲಿ ಕೂತು ಗುಜರಿ ಮೀಟರುಗಳನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕಲಿತರು. ಮದುವೆಯಾಗಿ ಆಳಂದಕ್ಕೆ ಬಂದ ಮೇಲೆ ಶೆಡ್ಡು ಹಾಕಿದರು. ದಿನವೂ ಗಿರಾಕಿ ಇರುತ್ತಾರೆಂದಿಲ್ಲ. ಕೆಲವು ವಾರ ಬರೀ ಬ್ಯಾಟರಿಗೆ ನೀರು ಹಾಕುವುದು, ಹಾರ್ನ್ ರಿಪೇರಿ. ಆ ದಿನಗಳಲ್ಲಿ ಮನೆ ನಡೆಸುವುದು ಅಮೀರುನ್ನಿಸಾ ಅವರ ಚಹಾ. ಕೆಟಲಿ ಎರಡಿವೆ, ಮನುಷ್ಯರಿಗೊಂದು, ಬಲ್ಬಿಗೊಂದು. “ಮೊದ್ಲು ಒಂದೇ ಇತ್ತು. ಚಹಾದಾಗ ಗ್ರೀಸಿನ ವಾಸನಿ ಬರ್ತದ ಅಂತ ಗಿರಾಕಿ ಓಡಿಹೋದ್ರು” ಎಂದು ಅವರು ಗಂಡನ ಕಡೆ ಮೂತಿ ತಿರುವುತ್ತಾರೆ.

ಶೆಡ್ಡಿನ ಮೂಲೆಯ ಡಬ್ಬಿಯಲ್ಲಿ ಹಳೆಯ ಬಲ್ಬುಗಳಿವೆ. ಒಂದೊಂದನ್ನೂ ಕೆಟಲಿಯಲ್ಲಿ ಅದ್ದಿ ನೋಡುವುದು ನಡೆಯುತ್ತದೆ. ಒಂದಕ್ಕೆ ಮುಳ್ಳು ಏಳುವುದೇ ಇಲ್ಲ, ಇನ್ನೊಂದಕ್ಕೆ ಜಿಗಿಯುತ್ತದೆ. ಬಿಸಿಲು ತಗಡಿಗೆ ಬಡಿಯುವ ಹೊತ್ತಿಗೆ ಒಂದು ಬಲ್ಬು ಸರಿಹೊಂದುತ್ತದೆ. ಸಾಧಾರಣ ಬಿಸಿಗೆ ಮುಳ್ಳು ನಡುವೆ, ಕೆಟಲಿ ಕೊತಕೊತ ಕುದಿದಾಗ ಕೆಂಪಿನಲ್ಲಿ. ಅದರ ಮರೆ ಹೊಸ ಇಂಜಿನ್ನಿನ ತೂತಿಗೆ ಸಣ್ಣದು. ಲೇತಿನಲ್ಲಿ ಮೊದಲೇ ಮಾಡಿಸಿಟ್ಟ ಹಿತ್ತಾಳೆಯ ಬಳೆ ಹಾಕಿ ಕೂರಿಸುತ್ತಾರೆ. ಸೆಣಬಿಲ್ಲ, ಬಣ್ಣವಿಲ್ಲ. ಮುಂದಿನ ಗಾಲಿಗಳನ್ನು ಮಣ್ಣಿನ ದಿಬ್ಬಕ್ಕೆ ಹತ್ತಿಸಿ, ಕಾರಿನ ಮೂತಿ ಮೇಲೆ ಮಾಡಿ ನೀರು ತುಂಬುತ್ತಾರೆ. ಒಳಗೆ ಗಾಳಿ ಉಳಿದರೆ ಬಲ್ಬು ನೀರಿನ ಬದಲು ಗಾಳಿಯ ಸುದ್ದಿ ಹೇಳೀತು.

ಕಡೆಗೊಂದು ಶಾಸ್ತ್ರವಿದೆ. ಕೆಟಲಿ ಕುದಿಯುವಾಗ ಮುಳ್ಳು ನಿಂತ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಅಮೀರುನ್ನಿಸಾ ಅವರ ಉಗುರುಬಣ್ಣದ ಒಂದು ಚುಕ್ಕೆ. “ನನ್ನ ಉಗುರಿಗಿ ಹತ್ತಿದ್ದು ಈದಿಗಿ ಒಮ್ಮೆ. ಆಳಂದ, ಅಫಜಲಪುರ, ಜೇವರ್ಗಿ ಮೋಟಾರಿಗೆಲ್ಲಾ ನಂದೇ ಬಣ್ಣ” ಎನ್ನುತ್ತಾರೆ ಅವರು, ಬೇಸರದಂತೆ. ಬೇಸರವಲ್ಲ ಅದು.

ಇನ್ನು ಓಡಿಸಿ ನೋಡಬೇಕು. ಹುಸೇನಪೀರ ಮುಂದಿನ ಬಾಗಿಲು ತೆಗೆದರೆ ಸೀಟಿನಲ್ಲಿ ತುಂಬಿದ ಕ್ಯಾನು. ಡಿಕ್ಕಿಯಲ್ಲಿ ಇಡೋಣವೆಂದರೆ ದೇವೀಂದ್ರಪ್ಪ ಒಪ್ಪುವುದಿಲ್ಲ. ಮಿಸ್ತ್ರಿ ವಾದಿಸುವುದಿಲ್ಲ, ಕ್ಯಾನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂರುತ್ತಾರೆ. ಹಿಂದೆ ಸುಮಿತ್ರಾಬಾಯಿ. ನಿಂಬರ್ಗಾ ದಾರಿಯ ಏರಿನಲ್ಲಿ ಮುಳ್ಳು ನಡುವಿನಿಂದ ಕದಲುತ್ತದೆ. ದೇವೀಂದ್ರಪ್ಪನವರ ಕಾಲು ಬ್ರೇಕಿನ ಕಡೆ ಹೋಗುತ್ತದೆ.

“ಹೊಡಿ” ಎನ್ನುತ್ತಾರೆ ಹುಸೇನಪೀರ.

“ಏರಾಕತ್ತದಲ್ರಿ ಕಾಕಾ.”

“ಏರು ಹತ್ತೂವಾಗ ನಿನಗೂ ಬೆವರು ಬರ್ತದ. ಹೊಡಿ.”

ಏರು ಮುಗಿಯುತ್ತದೆ. ಮುಳ್ಳು ಉಗುರುಬಣ್ಣದ ಚುಕ್ಕೆಗಿಂತ ಅಷ್ಟು ಕೆಳಗೇ ನಿಂತಿದೆ. ಆದರೂ ದೇವೀಂದ್ರಪ್ಪ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ, ಕ್ಯಾನಿಗೆ ಕೈ ಚಾಚುತ್ತಾರೆ. ಇಷ್ಟು ದಿನ ಕೆಂಪು ತೋರಿಸಿದ ಮೀಟರು ಇವತ್ತು ಒಳ್ಳೆಯದು ತೋರಿಸಿದರೆ ನಂಬುವುದು ಹೇಗೆ? “ಆಗ ಸುಳ್ಳು ಹೇಳಿದ್ದು ಈಗ ಖರೇ ಹೇಳ್ತದ ಅಂತ ಹ್ಯಾಂಗ ತಿಳೀಬೇಕ್ರಿ?” ಹುಸೇನಪೀರರ ಬಳಿ ಉತ್ತರವಿದೆ, ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡು ಎಂಬುದು. ಅವರು ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರಾಬಾಯಿ ಇಳಿದು ಬರುತ್ತಾರೆ.

“ಸರೀರಿ ಈಚಿಗಿ.” ಕ್ಯಾನಿನ ನೀರಿನಲ್ಲಿ ಬೆರಳದ್ದಿ, ರೇಡಿಯೇಟರಿನ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸುತ್ತಾರೆ, ರೊಟ್ಟಿ ಹಾಕುವ ಮುಂಚೆ ಹಂಚಿಗೆ ಚಿಮುಕಿಸುವಂತೆ. ಮೂವರೂ ಬಗ್ಗಿ ನೋಡುತ್ತಾರೆ. ಹನಿಗಳು ಚುಂಯ್ ಎನ್ನುವುದಿಲ್ಲ, ಕುಣಿಯುವುದಿಲ್ಲ. ಇದ್ದಲ್ಲೇ ಇದ್ದು ಮೆಲ್ಲಗೆ ಆರುತ್ತವೆ.

“ಈ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ರ ಹಸೀನೇ ಉಳಿತದ” ಎನ್ನುತ್ತಾರೆ ಸುಮಿತ್ರಾಬಾಯಿ. “ಕುದ್ದಿಲ್ಲ ಇದು.”

ಹುಸೇನಪೀರ ಇಷ್ಟು ದೊಡ್ಡದಾಗಿ ನಕ್ಕದ್ದು ಆ ಮುಂಜಾನೆ ಅದೇ ಮೊದಲು. “ಇಷ್ಟು ವರ್ಷ ಕೈ ಸುಟ್ಕೊಂಡು ನೋಡಾಕತ್ತಿದ್ದೆ ನೋಡವ್ವಾ. ನಾಳಿಯಿಂದ ನಿಂದೇ ಲೆಕ್ಕ.” ದೇವೀಂದ್ರಪ್ಪ ಕ್ಯಾನು ಹಿಡಿದ ಕೈ ಇಳಿಸುತ್ತಾರೆ. ನೀರು ಸುರಿಯುವುದಿಲ್ಲ.

ಶೆಡ್ಡಿಗೆ ಮರಳಿದಾಗ ಮತ್ತೊಂದು ಸುತ್ತು ಚಹಾ. ನಿಮ್ಮದೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಹುಸೇನಪೀರ ಬಸಿಯಲ್ಲಿ ಊದುತ್ತ ಯೋಚಿಸುತ್ತಾರೆ. “ಇಂಜಿನ್ ಬದಲ ಮಾಡೂವಾಗ ಹಳೇ ಬಲ್ಬು ಗುಜರಿಗಿ ಹಾಕಬ್ಯಾಡ್ರಿ ಅಂತ ಮಂದಿಗಿ ತಿಳೀಬೇಕು. ಮೀಟರು, ಬಲ್ಬು ಸಂಗಾಟ ಹುಟ್ಟ್ಯಾವ, ಸಂಗಾಟ ಇರಲಿ. ಅಷ್ಟ ಆದ್ರ ನನ್ನ ಹಂತ್ಯಾಕ ಯಾರೂ ಬರೂದ ಬ್ಯಾಡ.”

“ಬರ್ದಿದ್ರ ಉಣ್ಣೂದೇನು?” ಅಮೀರುನ್ನಿಸಾ ಕೇಳುತ್ತಾರೆ.

“ನಿನ್ನ ಚಹಾ ಅದಲ್ಲ.”

ದೇವೀಂದ್ರಪ್ಪ ಎದ್ದು ನಿಂತಿದ್ದಾರೆ. “ಎಸ್‌ಟಿಡಿ ಅಂಗಡಿ ತೆಗದಿರಬೇಕಲ್ರಿ ಈಗ? ಜೇವರ್ಗಿಯವರಿಗಿ ಬರಬ್ಯಾಡ ಅಂತ ಹೇಳಬೇಕು.” ಕಾರಿನ ಕಡೆ ತಿರುಗಿ, “ಕ್ಯಾನು ಇಲ್ಲೇ ಬಿಟ್ಟು ಹೋಗ್ಲ್ಯಾ ಕಾಕಾ?”

“ಬ್ಯಾಡ. ಪೈಪ್ ಒಡಿಯೂದು ಯಾರ ಕೈಯಾಗೂ ಇಲ್ಲ. ಇಟ್ಕೊ. ಅದರ ಮಾರಿ ನೋಡ್ಕೋತ ಗಾಡಿ ಹೊಡೀಬ್ಯಾಡ, ಅಷ್ಟ.”

ದೇವೀಂದ್ರಪ್ಪ ಕಾರಿನ ಬಳಿ ಹೋಗಿ ಕ್ಯಾನನ್ನು ಎತ್ತುತ್ತಾರೆ, ಹಿಂದೆ ನಡೆದು ಡಿಕ್ಕಿಯಲ್ಲಿಟ್ಟು ಮುಚ್ಚುತ್ತಾರೆ. ಬಂದು ಮುಂದಿನ ಬಾಗಿಲು ತೆರೆದು ಹಿಡಿದು ನಿಲ್ಲುತ್ತಾರೆ. ಸೀಟಿನ ರೆಕ್ಸಿನ್ನಿನ ಮೇಲೆ ಕ್ಯಾನಿನ ತಳದ ದುಂಡನೆ ಗುರುತು ಒತ್ತಿದೆ, ಇನ್ನೂ ಹಸಿಯಾಗಿದೆ. ಸುಮಿತ್ರಾಬಾಯಿ ಅದನ್ನು ಸೆರಗಿನಿಂದ ಒಮ್ಮೆ ಒರೆಸಿ, ಕೂರುತ್ತಾರೆ.